ಬೇರೆ ಒಲೆಯ ಹಾಡು

1971ರ ಮೇ ತಿಂಗಳಿನಲ್ಲಿ ಅಂಗಡಿಗಳಿಗೆ ಬಂದ ಒಂದು ಗ್ರಾಮಫೋನು ತಟ್ಟೆಯ ಹೊದಿಕೆಯ ಮೇಲೆ ತರುಣನೊಬ್ಬ ದಪ್ಪ ಉಣ್ಣೆಯ ಟಗರಿನ ಎರಡೂ ಕೊಂಬುಗಳನ್ನು ಬಿಗಿಯಾಗಿ ಹಿಡಿದು ನಿಂತ ಚಿತ್ರವಿತ್ತು. ಚಿತ್ರದ ಸುತ್ತ ಶಾಲೆಯ ಮಕ್ಕಳು ಪುಸ್ತಕದ ಅಂಚಿನಲ್ಲಿ ಗೀಚುವಂಥ ಬಣ್ಣಬಣ್ಣದ ಗೆರೆಗಳು. ಫೋಟೋ ತೆಗೆದವರು ಆ ತರುಣನ ಹೆಂಡತಿ. ತಟ್ಟೆಯ ಹೆಸರು ‘ರ‍್ಯಾಮ್’, ಎಂದರೆ ಟಗರು. ಇಂಗ್ಲಿಷಿನಲ್ಲಿ ಆ ಮಾತಿಗೆ ಗುದ್ದಿಕೊಂಡು ಮುನ್ನುಗ್ಗು ಎಂಬ ಅರ್ಥವೂ ಉಂಟು. ಟಗರಿನ ಕಾಳಗ ಕಂಡ ಊರುಗಳಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ತರುಣ ಪಾಲ್ ಮೆಕಾರ್ಟ್ನಿ. ವಯಸ್ಸು ಆಗಿನ್ನೂ ಇಪ್ಪತ್ತೆಂಟು. ಆದರೆ ಜಗತ್ತು ಅತಿ ಹೆಚ್ಚು ಕೇಳಿದ ರಾಕ್ ತಂಡವಾದ ಬೀಟಲ್ಸ್‌ನ ಬದುಕು ಅವರ ಪಾಲಿಗೆ ಆಗಲೇ ಮುಗಿದುಹೋಗಿತ್ತು. ಇದು ಮುಗಿದ ಬದುಕಿನ ಮರುವರ್ಷ ಅವರು ಹೆಂಡತಿಯೊಡನೆ ಸೇರಿ ಹಾಡಿದ ತಟ್ಟೆ. ಬಂದ ಕೂಡಲೇ ವಿಮರ್ಶಕರು ಇದನ್ನು ತಿರಸ್ಕರಿಸಿದ ರೀತಿಯೂ, ನಾಲ್ಕು ದಶಕಗಳ ಅನಂತರ ಅದೇ ವಿಮರ್ಶಾಲೋಕ ಇದನ್ನು ಎತ್ತಿ ಹಿಡಿದ ರೀತಿಯೂ ರಾಕ್ ಸಂಗೀತದ ಚರಿತ್ರೆಯಲ್ಲಿ ಒಂದು ವಿಚಿತ್ರ ಅಧ್ಯಾಯ. ಅದನ್ನು ತಿಳಿಯಬೇಕಾದರೆ ಮೊದಲು ಮನೆ ಒಡೆದ ಕಥೆಯನ್ನು ತಿಳಿಯಬೇಕು.

ಇಂಗ್ಲೆಂಡಿನ ಬಂದರು ಪಟ್ಟಣವಾದ ಲಿವರ್‌ಪೂಲ್‌ನ ನಾಲ್ವರು ಹುಡುಗರು, ಜಾನ್ ಲೆನ್ನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್, ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರಂತೆ ಬದುಕಿದವರು. ಗಳಿಕೆ ಒಟ್ಟು, ಹೆಸರು ಒಟ್ಟು. ಜಾನ್ ಬರೆದ ಹಾಡಿಗೂ ಪಾಲ್ ಬರೆದ ಹಾಡಿಗೂ ಇಬ್ಬರ ಹೆಸರೇ ಅಂಕಿತ. ಮನೆಯ ಯಜಮಾನನಂತೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ವ್ಯವಸ್ಥಾಪಕ ಬ್ರಯಾನ್ ಎಪ್‌ಸ್ಟೀನ್ 1967ರಲ್ಲಿ ತೀರಿಕೊಂಡ ಮೇಲೆ ಲೆಕ್ಕಪತ್ರ ಯಾರ ಕೈಗೆ ಎಂಬ ಪ್ರಶ್ನೆ ಹುಟ್ಟಿತು. ಮೂವರು ಅಮೆರಿಕದ ಆ್ಯಲನ್ ಕ್ಲೈನ್ ಎಂಬ ವ್ಯವಹಾರಸ್ಥನನ್ನು ಒಪ್ಪಿದರು. ಪಾಲ್ ಒಪ್ಪಲಿಲ್ಲ, ತಮ್ಮ ಮಾವ ಮತ್ತು ಭಾವಮೈದುನ, ನ್ಯೂಯಾರ್ಕಿನ ವಕೀಲರಾದ ಈಸ್ಟ್‌ಮನ್ ತಂದೆಮಗ, ಆ ಕೆಲಸ ನೋಡಲಿ ಎಂದರು. ಬೀಗರ ಕೈಗೆ ಪೆಟ್ಟಿಗೆಯ ಕೀಲಿ ಕೊಡಲು ಉಳಿದ ಅಣ್ಣತಮ್ಮಂದಿರು ಒಪ್ಪುವುದುಂಟೆ? 1970ರ ಡಿಸೆಂಬರ್ 31ರಂದು ಪಾಲ್ ಲಂಡನ್ನಿನ ಹೈಕೋರ್ಟಿನಲ್ಲಿ ಉಳಿದ ಮೂವರ ಮೇಲೆಯೇ ದಾವೆ ಹೂಡಿ, ಪಾಲುದಾರಿಕೆಯನ್ನು ಮುರಿದುಕೊಡಬೇಕೆಂದು ಕೇಳಿದರು. ಕ್ಲೈನ್ ಮೇಲೆ ನೇರವಾಗಿ ದಾವೆ ಹೂಡುವ ದಾರಿ ಇರಲಿಲ್ಲವೆಂಬುದು ಅವರ ವಿವರಣೆ. ಆದರೆ ಪತ್ರಿಕೆ ಓದುವ ಜನಕ್ಕೆ ಕಂಡದ್ದು ಒಂದೇ: ಮನೆ ಒಡೆದವನು ಇವನು. ಇಂಥ ಸಂದರ್ಭದಲ್ಲಿ ಯಾವ ಊರಿನಲ್ಲಿಯೂ ಎರಡನೆಯ ದೂರು ಹೋಗುವುದು ಹೊಸದಾಗಿ ಬಂದ ಸೊಸೆಯ ಮೇಲೆ. ಜಾನ್ ಅವರ ಹೆಂಡತಿ ಯೋಕೋ ಓನೋ ಆ ದೂರನ್ನು ಹೊತ್ತರು. ಪಾಲ್ ಅವರ ಹೆಂಡತಿ ಲಿಂಡಾ ಕೂಡ ಹೊತ್ತರು.

ಲಿಂಡಾ ನ್ಯೂಯಾರ್ಕಿನ ಛಾಯಾಗ್ರಾಹಕಿ. ರಾಕ್ ಸಂಗೀತದ ಪ್ರಮುಖ ಪತ್ರಿಕೆಯಾದ ‘ರೋಲಿಂಗ್ ಸ್ಟೋನ್’ನ ಮುಖಪುಟದಲ್ಲಿ ತಾನು ತೆಗೆದ ಚಿತ್ರವನ್ನು ಕಂಡ ಮೊದಲ ಮಹಿಳೆ ಅವರು; 1968ರಲ್ಲಿ. ಮದುವೆಯಾದದ್ದು 1969ರ ಮಾರ್ಚ್ 12ರಂದು. ಮೊದಲ ಮದುವೆಯಿಂದ ಹೆದರ್ ಎಂಬ ಮಗಳಿದ್ದಳು. ಆ ವರ್ಷದ ಆಗಸ್ಟಿನಲ್ಲಿ ಮೇರಿ ಹುಟ್ಟಿದಳು. ಮೇರಿ ಎಂಬುದು ಪಾಲ್ ಅವರ ತಾಯಿಯ ಹೆಸರು. ದಾದಿಯಾಗಿದ್ದ ಆ ತಾಯಿ ಮಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ ತೀರಿಕೊಂಡಿದ್ದರು.

ತಂಡ ಒಡೆಯುತ್ತಿದ್ದ ದಿನಗಳಲ್ಲಿ ಈ ಸಂಸಾರ ಲಂಡನ್ನನ್ನು ಬಿಟ್ಟು ಸ್ಕಾಟ್ಲೆಂಡಿನ ಕಿನ್‌ಟೈರ್ ಎಂಬ ಕಡಲಂಚಿನ ಸೀಮೆಗೆ ಹೋಯಿತು. ಅಲ್ಲಿ ಪಾಲ್ 1966ರಲ್ಲಿ ಕೊಂಡಿದ್ದ ಒಂದು ಹಳೆಯ ಕುರಿಸಾಕಣೆಯ ಹೊಲಮನೆ ಇತ್ತು. ಅನುಕೂಲಗಳೇನೂ ಇಲ್ಲದ ಮನೆ. ಸುತ್ತ ಗಾಳಿ, ಮಳೆ, ಕುರಿ. ಆ ತಿಂಗಳುಗಳನ್ನು ಕುರಿತು ಪಾಲ್ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಬೆಳಗ್ಗೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಎದ್ದರೆ ಕುಡಿತ, ತಾನಿನ್ನು ಯಾವ ಪ್ರಯೋಜನಕ್ಕೂ ಬಾರದವನೆಂಬ ಭಾವ. ಹದಿಹರೆಯದಿಂದ ಒಂದೇ ಕೆಲಸ ಮಾಡಿದವನಿಗೆ ಆ ಕೆಲಸ ತಪ್ಪಿದಾಗ ಆಗುವ ಸ್ಥಿತಿ ಅದು. ಕೀರ್ತಿ, ಹಣ ಯಾವುದೂ ಅದಕ್ಕೆ ಅಡ್ಡ ಬರುವುದಿಲ್ಲ. ಆ ಸ್ಥಿತಿಯಿಂದ ಮೇಲೆತ್ತಿದವರು ಲಿಂಡಾ ಎಂದು ಅವರು ಪುನಃ ಪುನಃ ಹೇಳಿದ್ದಾರೆ.

1970ರ ಏಪ್ರಿಲಿನಲ್ಲಿ ಅವರ ಹೆಸರನ್ನೇ ಹೊತ್ತು ಬಂದ ಮೊದಲ ಸ್ವತಂತ್ರ ಆಲ್ಬಂ ಬಹುಮಟ್ಟಿಗೆ ಮನೆಯಲ್ಲಿಯೇ, ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ, ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಮುದ್ರಿಸಿದ್ದು. ಜನ ಕೊಂಡರು, ವಿಮರ್ಶಕರು ಅರೆಬೆಂದ ಅಡುಗೆ ಎಂದರು. ಅದರಲ್ಲಿ ಸತ್ಯವೂ ಇತ್ತು. ‘ರ‍್ಯಾಮ್’ ಬಂದದ್ದು ಆ ಮಾತಿಗೆ ಉತ್ತರವಾಗಿ.

ಈ ಸಲ ಪಾಲ್ ನ್ಯೂಯಾರ್ಕಿಗೆ ಹೋದರು. ಪಾಳುಬಿದ್ದಂಥ ಒಂದು ಕಟ್ಟಡದ ನೆಲಮಾಳಿಗೆಗೆ ಡ್ರಮ್ ವಾದಕರನ್ನು ಒಬ್ಬೊಬ್ಬರನ್ನಾಗಿ ಕರೆಸಿ, ಅಲ್ಲಿದ್ದ ಹಳೆಯ ಡ್ರಮ್ಮಿನ ಮುಂದೆ ಕೂರಿಸಿ, ನುಡಿಸಿ ಎಂದರು. ಜೊತೆಗೆ ಹಾಡುಗಾರನಿಲ್ಲ, ಗಿಟಾರಿಲ್ಲ, ಬರಿಯ ಡ್ರಮ್. ಈ ಪರೀಕ್ಷೆಯಲ್ಲಿ ಗೆದ್ದವರು ಡೆನ್ನಿ ಸೈವೆಲ್. ಗಿಟಾರಿಗೆ ಡೇವಿಡ್ ಸ್ಪಿನೋಜಾ, ಅವರ ಬಳಿಕ ಹ್ಯೂ ಮೆಕ್ರ್ಯಾಕನ್. ಕೆಲವು ಹಾಡುಗಳಿಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಲಾವಿದರೂ ಬಂದರು. 1970ರ ಶರತ್ಕಾಲದಲ್ಲಿ ಶುರುವಾದ ಕೆಲಸ ಮರುವರ್ಷದ ವಸಂತದವರೆಗೆ ನಡೆಯಿತು. ಆ ನಡುವೆಯೇ ಲಂಡನ್ನಿನಲ್ಲಿ ದಾವೆಯ ವಿಚಾರಣೆ. 1971ರ ಮಾರ್ಚ್ 12ರಂದು, ಎಂದರೆ ಮದುವೆಯ ಎರಡನೆಯ ವಾರ್ಷಿಕ ದಿನದಂದೇ, ನ್ಯಾಯಾಲಯ ಪಾಲ್ ಪರವಾಗಿ ತೀರ್ಪಿತ್ತು ಲೆಕ್ಕಪತ್ರಕ್ಕೆ ಒಬ್ಬ ರಿಸೀವರನನ್ನು ನೇಮಿಸಿತು.

ಹಾಡಿನಲ್ಲಿ ಲಿಂಡಾ ಅವರ ಧ್ವನಿ ಪಾಲ್ ಅವರ ಧ್ವನಿಗೆ ಒತ್ತಾಗಿ ನಿಂತಿದೆ. ಅವರು ಸಂಗೀತ ಕಲಿತವರಲ್ಲ. ಗಂಟೆಗಟ್ಟಲೆ ಒಂದೇ ಸಾಲನ್ನು ಹಾಡಿಸಿ ಹಾಡಿಸಿ ಪಾಲ್ ಅವರನ್ನು ದುಡಿಸಿಕೊಂಡರು. ತಟ್ಟೆಯ ಮೇಲೆ ‘ಪಾಲ್ ಮತ್ತು ಲಿಂಡಾ ಮೆಕಾರ್ಟ್ನಿ’ ಎಂದು ಇಬ್ಬರ ಹೆಸರು. ಹೀಗೆ ಇಬ್ಬರ ಹೆಸರಿನಲ್ಲಿ ಬಂದದ್ದು ಇದೊಂದೇ ಆಲ್ಬಂ. ಅರ್ಧದಷ್ಟು ಹಾಡುಗಳ ರಚನೆಗೂ ಇಬ್ಬರ ಅಂಕಿತ. ಇಲ್ಲಿ ಇನ್ನೊಂದು ವ್ಯಾಜ್ಯ ಹುಟ್ಟಿತು. ಪಾಲ್ ಬರೆದ ಹಾಡಿನ ಹಕ್ಕು ಕರಾರಿನಂತೆ ಹಳೆಯ ಪ್ರಕಾಶನ ಸಂಸ್ಥೆಗೆ ಸೇರಬೇಕು. ಹೆಂಡತಿಯ ಪಾಲಾದ ಅರ್ಧ ಸೇರಬೇಕಾಗಿಲ್ಲ. ಛಾಯಾಗ್ರಾಹಕಿಯೊಬ್ಬಳು ಹಾಡು ಕಟ್ಟಿದಳೆಂದರೆ ನಂಬುವುದು ಹೇಗೆಂದು ಸಂಸ್ಥೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಇದನ್ನು ಬದಲಿಸು, ಅದಕ್ಕಿಂತ ಇದು ಚೆನ್ನ ಎಂದು ಹೆಂಡತಿ ಹೇಳಿದರೆ ಅದೂ ರಚನೆಯಲ್ಲಿ ಪಾಲು ಎಂಬುದು ಪಾಲ್ ಅವರ ವಾದವಾಗಿತ್ತು. ಕಡೆಗೆ ರಾಜಿಯಾಯಿತು, ಅದರ ಫಲವಾಗಿ ಅವರು 1973ರಲ್ಲಿ ಒಂದು ಟೆಲಿವಿಷನ್ ಕಾರ್ಯಕ್ರಮ ಮಾಡಿಕೊಟ್ಟರು. ವಾದದಲ್ಲಿ ಹಣದ ಲೆಕ್ಕಾಚಾರ ಇರಲಿಲ್ಲವೆಂದು ಹೇಳಲಾಗದು. ಆದರೂ ಅಡುಗೆಮನೆಯಲ್ಲಿ ನಿಂತು ಸರಿ ತಪ್ಪು ಹೇಳಿದವರ ಹೆಸರು ಹೊದಿಕೆಯ ಮೇಲೆ ಬರುವುದು ಸಂಗೀತದ ವ್ಯಾಪಾರದಲ್ಲಿ ಅಪರೂಪವೇ.

ಆಲ್ಬಮಿನಲ್ಲಿ ಹನ್ನೆರಡು ಹಾಡುಗಳಿವೆ. ಯುಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವನ್ನು ಹಿಡಿದು ಗುನುಗಿದಂಥ ಒಂದು ತುಣುಕಿದೆ. ಹಳ್ಳಿಯ ನಡುವೆ ಒಂದು ಮನೆ ಬೇಕೆಂದು ಹಂಬಲಿಸುವ ಹಗುರ ಗಿಟಾರಿನ ಹಾಡಿದೆ. ಗಂಟಲು ಹರಿಯುವಂತೆ ಕೂಗಿ ಹಾಡಿದ, ಅರ್ಥಕ್ಕೆ ಸಿಕ್ಕದ ಒಂದು ಹಾಡಿದೆ. ಸಣ್ಣ ಮಕ್ಕಳಿಗೆ ಕೇಳಿಸಿದರೆ ಅವರು ಮೊದಲು ಹಿಡಿಯುವುದು ಅದನ್ನೇ. ‘ಅಂಕಲ್ ಆಲ್ಬರ್ಟ್/ಅಡ್ಮಿರಲ್ ಹಾಲ್ಸಿ’ ಎಂಬುದು ಹಲವು ತುಂಡುಗಳನ್ನು ಜೋಡಿಸಿ ಹೊಲಿದ ಕೌದಿಯಂತಿದೆ: ಮಳೆಯ ಸದ್ದು, ಟೆಲಿಫೋನಿನ ದನಿ, ಒಬ್ಬ ಚಿಕ್ಕಪ್ಪನಲ್ಲಿ ಕ್ಷಮೆ ಕೇಳುವ ಮೆಲ್ಲನೆಯ ರಾಗ, ಇದ್ದಕ್ಕಿದ್ದಂತೆ ಮೆರವಣಿಗೆಯ ಗತ್ತು. ಆಲ್ಬರ್ಟ್ ಎಂಬ ಬಂಧು ಪಾಲ್ ಅವರಿಗೆ ನಿಜವಾಗಿಯೂ ಇದ್ದರು. ಕಡೆಯ ಹಾಡು ಕಾರಿನ ಹಿಂದಿನ ಆಸನದಲ್ಲಿ ಕುಳಿತ ಇಬ್ಬರು ಪ್ರೇಮಿಗಳ ಹಟವನ್ನು ವಾದ್ಯವೃಂದದ ಅಲೆಗಳ ಮೇಲೇರಿಸಿ ನಿಲ್ಲಿಸುತ್ತದೆ. ಬೇಸ್ ಗಿಟಾರಿನ ನಡೆ, ಒಂದರ ಮೇಲೊಂದು ಕಂಠಗಳನ್ನು ಪೇರಿಸುವ ಕುಶಲತೆ, ಒಂದು ರಾಗಕ್ಕೆ ಸಾಲದೆಂಬಂತೆ ನಾಲ್ಕು ರಾಗಗಳನ್ನು ಸುರಿಯುವ ಧಾರಾಳ, ಇವೆಲ್ಲ ಅಲ್ಲಿವೆ.

ಆದರೆ ಆ ವರ್ಷದ ವಿಮರ್ಶಕರಿಗೆ ಅವು ಕೇಳಿಸಲಿಲ್ಲ. ‘ರೋಲಿಂಗ್ ಸ್ಟೋನ್’ನಲ್ಲಿ ಜಾನ್ ಲ್ಯಾಂಡೌ, ಅರವತ್ತರ ದಶಕದ ರಾಕ್ ಸಂಗೀತ ಕೊಳೆಯುತ್ತ ಬಂದುದರ ಅತ್ಯಂತ ಕೆಳಗಿನ ಹಂತ ಇದು ಎಂಬರ್ಥದಲ್ಲಿ ಬರೆದು, ಇಡೀ ಕೃತಿಯನ್ನು ಅಪ್ರಸ್ತುತವೆಂದು ತಳ್ಳಿದರು. ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಇದು ಪಾಲ್ ಮಾಡಿದ್ದರಲ್ಲೆಲ್ಲ ಕಳಪೆಯಾದುದು ಎಂದಿತು. ‘ಮೆಲೊಡಿ ಮೇಕರ್’ ಸ್ವಲ್ಪ ಮೆತ್ತಗೆ, ಬೇರೆ ಯಾರಾದರೂ ಮಾಡಿದ್ದರೆ ಒಳ್ಳೆಯದೆನ್ನಬಹುದಿತ್ತು ಎಂಬ ಧಾಟಿಯಲ್ಲಿ ಬರೆಯಿತು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಕ್ರಿಸ್ಟ್‌ಗೌ ಹೊಸ ತಟ್ಟೆಗಳಿಗೆ ಶಾಲೆಯ ಅಂಕಪಟ್ಟಿಯಂತೆ ಎ, ಬಿ, ಸಿ ಎಂದು ದರ್ಜೆ ಕೊಡುವ ಪದ್ಧತಿ ಇಟ್ಟುಕೊಂಡಿದ್ದರು. ಇದಕ್ಕೆ ಸಿಕ್ಕಿದ್ದು ಸಿ ಪ್ಲಸ್. ಎಂದೂ ಯಾರನ್ನೂ ನೋಯಿಸದ ರಿಂಗೋ ಕೂಡ ಅದರಲ್ಲಿ ಒಂದೂ ರಾಗ ಕಾಣುತ್ತಿಲ್ಲವೆಂದು ಪತ್ರಿಕೆಯೊಂದರಲ್ಲಿ ವ್ಯಥೆಪಟ್ಟರು. ಹೊರಗಿನವರ ನೂರು ಮಾತಿಗಿಂತ ಈ ಒಂದು ಮಾತು ಹೆಚ್ಚು ನಾಟಿರಬೇಕು.

ಇಷ್ಟು ಕಿವಿಗಳು ಒಟ್ಟಿಗೆ ಮುಚ್ಚಿಹೋದದ್ದೇಕೆ? ಮೊದಲನೆಯದಾಗಿ, ಅವರು ತಟ್ಟೆಯನ್ನು ಕೇಳುವ ಮುನ್ನವೇ ವಾದಿ ಪ್ರತಿವಾದಿಗಳಲ್ಲಿ ಒಬ್ಬರ ಹೇಳಿಕೆಯನ್ನು ಕೇಳಿದ್ದರು. ಜಾನ್ ಲೆನ್ನನ್ ‘ರೋಲಿಂಗ್ ಸ್ಟೋನ್’ಗೆ ಕೊಟ್ಟ ದೀರ್ಘ ಸಂದರ್ಶನ 1971ರ ಆರಂಭದಲ್ಲಿ ಅಚ್ಚಾಗಿತ್ತು. ಅದರಲ್ಲಿ ಪಾಲ್ ಕುರಿತು ಕಹಿಯನ್ನೆಲ್ಲ ಕಾರಿಕೊಂಡಿದ್ದರು. ಜಾನ್ ಅವರ ‘ಪ್ಲ್ಯಾಸ್ಟಿಕ್ ಓನೋ ಬ್ಯಾಂಡ್’ ತಾಯಿ ಸತ್ತ ನೋವನ್ನು, ತಂದೆ ಬಿಟ್ಟುಹೋದ ನೋವನ್ನು ಹಸಿಹಸಿಯಾಗಿ ಕೂಗಿ ಹೇಳಿತ್ತು. ಜಾರ್ಜ್ ಹ್ಯಾರಿಸನ್ ಅವರ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಮೂರು ತಟ್ಟೆಗಳ ದೊಡ್ಡ ಕೃತಿ. ಅದರ ಪ್ರಸಿದ್ಧ ಹಾಡೊಂದರಲ್ಲಿ ಕೃಷ್ಣನ ನಾಮಸ್ಮರಣೆಯೂ, ಶಾಲೆಗಳ ಪ್ರಾರ್ಥನೆಯಲ್ಲಿ ಮಕ್ಕಳು ಹೇಳುವ ಗುರುಸ್ತುತಿಯ ಶ್ಲೋಕವೂ ಕೇಳಿಬರುತ್ತವೆ. ಅದೇ ಆಗಸ್ಟಿನಲ್ಲಿ ಜಾರ್ಜ್, ಪಂಡಿತ ರವಿಶಂಕರರ ಕೋರಿಕೆಯಂತೆ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನ್ಯೂಯಾರ್ಕಿನಲ್ಲಿ ದೊಡ್ಡ ಕಛೇರಿ ಏರ್ಪಡಿಸಿದರು. ಒಬ್ಬ ತಮ್ಮ ಆತ್ಮಶೋಧನೆಯಲ್ಲಿ, ಇನ್ನೊಬ್ಬ ದೇವರ ಹುಡುಕಾಟದಲ್ಲಿ ಮತ್ತು ಪರೋಪಕಾರದಲ್ಲಿ. ಇವನೊಬ್ಬ ಕುರಿ, ಮಳೆ, ಹೆಂಡತಿ, ಮನೆಯೂಟ ಎಂದು ಹಾಡುತ್ತಿದ್ದಾನೆ. ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ರಾಕ್ ಸಂಗೀತ ಜಗತ್ತನ್ನೇ ಬದಲಿಸಬೇಕೆಂದು ನಂಬಿದ ತರುಣ ವಿಮರ್ಶಕರಿಗೆ ಸಂಸಾರದ ಸುಖವೆಂಬುದು ಹಾಡಿಗೆ ವಸ್ತುವೇ ಅಲ್ಲವೆನ್ನಿಸಿತು. ದುಃಖಕ್ಕೆ ಆಳವುಂಟು, ಸುಖಕ್ಕೆ ಇಲ್ಲ ಎಂಬುದು ಹಳೆಯ ಪಕ್ಷಪಾತ. ಸಾಹಿತ್ಯ ವಿಮರ್ಶೆಯಲ್ಲಿಯೂ ಅದು ಇಲ್ಲದಿಲ್ಲ. ಆ ಸುಖವಾದರೂ ಎಂಥ ಕಷ್ಟವನ್ನು ದಾಟಿ ಬಂದದ್ದೆಂಬುದು ಆಗ ಹೊರಗಿನವರಿಗೆ ತಿಳಿದಿರಲಿಲ್ಲ.

ವಿಮರ್ಶಕರನ್ನು ಮೂಢರೆಂದು ತಳ್ಳಿಬಿಡುವುದೂ ನ್ಯಾಯವಲ್ಲ. ‘ರ‍್ಯಾಮ್’ನ ಹಲವು ಹಾಡುಗಳ ಸಾಹಿತ್ಯ ತೀರ ತೆಳು. ರಾಗಕ್ಕೆ ಮಾತು ಬೇಕೆಂದು ಸಿಕ್ಕಿದ ಮಾತನ್ನು ತುಂಬಿದಂತಿದೆ. ಒಂದೆರಡು ಹಾಡುಗಳು ಹೊಳೆದ ತಮಾಷೆಯನ್ನು ಹಿಗ್ಗಿಸಿಕೊಂಡು ನಿಲ್ಲುತ್ತವೆ. ಇದನ್ನು ತಿದ್ದಬಲ್ಲ ಮನುಷ್ಯ ಒಬ್ಬನಿದ್ದ. ಎದುರಿಗೆ ಕುಳಿತು, ಇದು ಸಾಲದು ಎಂದು ಮುಖಕ್ಕೆ ಹೇಳುತ್ತಿದ್ದವನು. ಆದರೆ ಅವನು ಈಗ ಪ್ರತಿವಾದಿ. ಲ್ಯಾಂಡೌ ಅವರ ವಿಮರ್ಶೆಯೂ ಇದೇ ಕೊರತೆಯನ್ನು ಎತ್ತಿ ತೋರಿಸಿತ್ತು: ಜಾನ್ ಇಲ್ಲದ ಪಾಲ್ ಅವರಲ್ಲಿ ಒಬ್ಬರನ್ನೊಬ್ಬರು ತಡೆದು ನಿಲ್ಲಿಸುತ್ತಿದ್ದ ಆ ಹತೋಟಿ ಇಲ್ಲ ಎಂದು. ಆ ಮಾತು ಸುಳ್ಳಲ್ಲ. ಅದನ್ನು ಹೇಳಿದ ಸಿಟ್ಟು ಮಾತ್ರ ಸಂಗೀತದ ಮೇಲಿನದಾಗಿರದೆ ಮನೆ ಒಡೆದುದರ ಮೇಲಿನದಾಗಿತ್ತು.

ಪಾಲ್ ಕೂಡ ಶುದ್ಧ ಮುಗ್ಧರಲ್ಲ. ಆಲ್ಬಮಿನ ಮೊದಲ ಹಾಡಿನಲ್ಲಿಯೇ ಉಪದೇಶ ಮಾಡುವವರನ್ನು ಚುಚ್ಚುವ ಸಾಲಿದೆ. ಅದು ಜಾನ್ ಮತ್ತು ಯೋಕೋ ಅವರನ್ನು ಉದ್ದೇಶಿಸಿದ್ದೆಂದು ಅವರೇ ಮುಂದೆ ಒಪ್ಪಿಕೊಂಡರು. ಜಾನ್ ಅದನ್ನು ಹಿಡಿದರು. ತಮ್ಮನ್ನು ಕುರಿತಿಲ್ಲದ ಹಾಡುಗಳಲ್ಲಿಯೂ ತಮ್ಮ ಮೇಲಿನ ಬಾಣವನ್ನು ಕಂಡರು. ಲಿಂಡಾ ಅವರ ಹಿಂದಿನ ಗಂಡನನ್ನು ನೆನೆದು ಬರೆದೆನೆಂದು ಪಾಲ್ ಹೇಳಿದ ‘ಡಿಯರ್ ಬಾಯ್’ ಕೂಡ ತಮಗೇ ಎಂದುಕೊಂಡರು. ಅದೇ ವರ್ಷದ ‘ಇಮ್ಯಾಜಿನ್’ ಆಲ್ಬಮಿನಲ್ಲಿ ಅವರು ಕೊಟ್ಟ ಉತ್ತರ ಚುಚ್ಚುವಿಕೆಯಲ್ಲ, ನೇರ ಕೊಡಲಿಯೇಟು. ಶಾಂತಿಯ ಹಾಡಿನಿಂದ ಜಗದ್ವಿಖ್ಯಾತವಾದ ಆಲ್ಬಮಿನಲ್ಲಿಯೇ ಹಳೆಯ ಗೆಳೆಯನನ್ನು ಹೆಸರಿಸದೆ ಹರಿದುಹಾಕುವ ಹಾಡೂ ಇದೆ. ಅದಕ್ಕೆ ಗಿಟಾರ್ ನುಡಿಸಿದವರು ಜಾರ್ಜ್. ತಟ್ಟೆಯೊಳಗೆ ಒಂದು ಅಂಚೆಕಾರ್ಡಿನಂಥ ಚಿತ್ರವನ್ನೂ ಇಟ್ಟರು: ಜಾನ್ ಒಂದು ಹಂದಿಯ ಕಿವಿಗಳನ್ನು ಹಿಡಿದು, ಥೇಟು ಟಗರಿನ ಭಂಗಿಯಲ್ಲಿಯೇ ನಿಂತಿದ್ದಾರೆ. ಪಾಲು ಹಂಚಿಕೊಂಡ ಅಣ್ಣತಮ್ಮಂದಿರು ಬೇಲಿಯ ಎರಡು ಬದಿಗೆ ನಿಂತು ಅಣಕಿಸಿಕೊಂಡಂತೆ. ವರ್ಷಗಳು ಕಳೆದ ಮೇಲೆ ಇಬ್ಬರೂ ಮಾತಾಡುವಷ್ಟರಮಟ್ಟಿಗೆ ಹತ್ತಿರವಾದರು. 1980ರ ಡಿಸೆಂಬರಿನಲ್ಲಿ ಜಾನ್ ಗುಂಡಿಗೆ ಬಲಿಯಾದಾಗ ಅಷ್ಟಾದರೂ ಆಗಿತ್ತೆಂಬುದೇ ಪಾಲ್ ಅವರಿಗೆ ಉಳಿದ ಸಮಾಧಾನ.

ಜನರ ತೀರ್ಪು ಮೊದಲಿನಿಂದಲೂ ಬೇರೆಯಾಗಿತ್ತು. ‘ರ‍್ಯಾಮ್’ ಬ್ರಿಟನ್ನಿನಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ, ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಚಿಕ್ಕಪ್ಪನ ಹಾಡು ಸೆಪ್ಟೆಂಬರಿನಲ್ಲಿ ಅಮೆರಿಕದ ಹಾಡುಪಟ್ಟಿಯ ತುದಿಗೆ ಹೋಗಿ, ವಾದ್ಯಸಂಯೋಜನೆಗಾಗಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಆದರೂ ಬರಹದ ಪೆಟ್ಟು ಬಿದ್ದಿತ್ತು. ಅದೇ ವರ್ಷ ಪಾಲ್ ಡೆನ್ನಿ ಸೈವೆಲ್ ಅವರನ್ನೂ ಲಿಂಡಾ ಅವರನ್ನೂ ಕೂಡಿಕೊಂಡು ‘ವಿಂಗ್ಸ್’ ತಂಡ ಕಟ್ಟಿದರು. 1972ರ ಫೆಬ್ರವರಿಯಲ್ಲಿ ಮಕ್ಕಳನ್ನೂ ನಾಯಿಗಳನ್ನೂ ವ್ಯಾನಿನಲ್ಲಿ ತುಂಬಿಕೊಂಡು, ಮುಂಚಿತವಾಗಿ ಯಾರಿಗೂ ತಿಳಿಸದೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಬಾಗಿಲಿಗೆ ಹೋಗಿ, ಇಂದು ಇಲ್ಲಿ ಹಾಡಬಹುದೇ ಎಂದು ಕೇಳಿ ಹಾಡಿದರು. ಕ್ರೀಡಾಂಗಣಗಳನ್ನು ತುಂಬಿಸಿದ್ದ ಹಾಡುಗಾರ ಹೀಗೆ ಮತ್ತೆ ಒಂದನೆಯ ತರಗತಿಗೆ ಸೇರಿಕೊಂಡಂತೆ ಮಾಡಿದ್ದು ಧೈರ್ಯದ ಕೆಲಸ. 1973ರ ಕಡೆಯಲ್ಲಿ ಬಂದ ‘ಬ್ಯಾಂಡ್ ಆನ್ ದಿ ರನ್’ ಅವರ ಹೆಸರನ್ನು ಎತ್ತಿ ನಿಲ್ಲಿಸಿತು. ಮಾಜಿ ಬೀಟಲ್ಸ್ ನಾಲ್ವರ ಕೃತಿಗಳಲ್ಲಿ, ಬಹುಶಃ ಜಾನ್ ಅವರ ಒಂದನ್ನು ಬಿಟ್ಟರೆ, ಇದೇ ಶ್ರೇಷ್ಠ ಎಂದು ‘ರೋಲಿಂಗ್ ಸ್ಟೋನ್’ನಲ್ಲಿ ಬರೆದವರು ಅದೇ ಜಾನ್ ಲ್ಯಾಂಡೌ. ಲ್ಯಾಂಡೌ ಮುಂದೆ ವಿಮರ್ಶೆ ಬಿಟ್ಟು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಹಾಡುಗಾರರ ವ್ಯವಸ್ಥಾಪಕರಾದರು. ತಟ್ಟೆ ಮಾಡುವ ಕಷ್ಟ ಆಗ ಅವರಿಗೂ ತಿಳಿಯಿತು.

‘ರ‍್ಯಾಮ್’ಗೆ ಮಾತ್ರ ಇನ್ನೂ ಕಾಯಬೇಕಾಗಿತ್ತು. ಬೀಟಲ್ಸ್ ಒಡೆದಾಗ ಹುಟ್ಟಿಯೇ ಇರದಿದ್ದ ಒಂದು ತಲೆಮಾರು ಬಂತು. ಅವರಲ್ಲಿ ಅನೇಕರು ಮನೆಯ ಕೋಣೆಯಲ್ಲಿಯೇ ಹಾಡು ಮುದ್ರಿಸುವವರು. ಓರೆಕೋರೆಗಳನ್ನು ಉಜ್ಜಿ ತೆಗೆಯದೆ ಬಿಡುವುದು ಅವರಿಗೆ ರುಚಿ. ಅಂಥ ಸಂಗೀತಕ್ಕೆ ಒಗ್ಗಿದ ಕಿವಿಗಳಿಗೆ ಈ ಹಳೆಯ ತಟ್ಟೆ ತಮ್ಮ ಮನೆಯ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದೆಂಬಂತೆ ಆಪ್ತವಾಯಿತು. 2012ರಲ್ಲಿ ಆಲ್ಬಂ ಹೊಸದಾಗಿ ಹೊರಬಂದಾಗ ಅಮೆರಿಕದ ‘ಪಿಚ್‌ಫೋರ್ಕ್’ ಎಂಬ ವಿಮರ್ಶಾ ಪತ್ರಿಕೆ ಹತ್ತಕ್ಕೆ 9.2 ಅಂಕ ಕೊಟ್ಟಿತು. 2020ರಲ್ಲಿ ‘ರೋಲಿಂಗ್ ಸ್ಟೋನ್’ ತಾನು ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ಐನೂರು ಆಲ್ಬಂಗಳ ಪಟ್ಟಿಯಲ್ಲಿ ಇದಕ್ಕೆ 450ನೆಯ ಸ್ಥಾನ ನೀಡಿತು. ಈ ಹೊಗಳಿಕೆಯಲ್ಲಿಯೂ ಕಾಲದ ಅಭಿರುಚಿಯ ಪಾಲು ಇದ್ದೇ ಇದೆ; ಸಿ ಪ್ಲಸ್ ಎಷ್ಟು ಕಡಿಮೆಯೋ 9.2 ಅಷ್ಟೇ ಹೆಚ್ಚೆಂದು ತೋರಿದರೆ ತಪ್ಪೇನಿಲ್ಲ. ಆದರೆ ಹೊಸ ಕೇಳುಗರಿಗೆ ಒಂದು ಅನುಕೂಲವಿತ್ತು. ಅವರ ಎದುರಿಗೆ ದಾವೆಯ ಕಾಗದಪತ್ರ ಇರಲಿಲ್ಲ, ತಟ್ಟೆಯೊಂದೇ ಇತ್ತು.

ಲಿಂಡಾ ಆ ದಿನವನ್ನು ಕಾಣಲಿಲ್ಲ. ಅವರು ಕ್ಯಾನ್ಸರಿನಿಂದ ತೀರಿಕೊಂಡದ್ದು 1998ರ ಏಪ್ರಿಲ್ 17ರಂದು. ಬದುಕಿದ್ದಷ್ಟು ಕಾಲವೂ ಅವರ ಹಾಡುಗಾರಿಕೆಯನ್ನು ಹಂಗಿಸುವವರಿದ್ದರು. ಗಂಡನ ಪಕ್ಕದಲ್ಲಿ ನಿಲ್ಲುವುದನ್ನು ಅವರು ಬಿಡಲಿಲ್ಲ. ಇಂದು ‘ರ‍್ಯಾಮ್’ ಕುರಿತು ಬರೆಯುವವರು ಮೊದಲು ಹೆಸರಿಸುವುದರಲ್ಲಿ ಆ ಕಲಿಯದ, ಬಣ್ಣ ಹಚ್ಚದ ಧ್ವನಿಯೂ ಒಂದು. ಹೊದಿಕೆಯ ಚಿತ್ರದ ಅಂಚಿನ ಗೀಚುಗಳ ನಡುವೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಅಡಗಿವೆ. ಬಿಡಿಸಿ ಓದಿದರೆ ‘ಲಿಂಡಾ, ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತಿನ ಮೊದಲಕ್ಷರಗಳು.

2021ರಲ್ಲಿ ಆಲ್ಬಮಿಗೆ ಐವತ್ತು ತುಂಬಿತು. ಆ ವರ್ಷ ಒಂದು ಗುಂಪು ಹನ್ನೆರಡೂ ಹಾಡುಗಳನ್ನು ಅದೇ ಅನುಕ್ರಮದಲ್ಲಿ ಪುನಃ ಹಾಡಿ ಹೊರತಂದಿತು. ಡೇವಿಡ್ ಸ್ಪಿನೋಜಾ ಅದಕ್ಕೂ ಗಿಟಾರ್ ನುಡಿಸಿದರು. ಡ್ರಮ್ಮಿನ ಮುಂದೆ ಕುಳಿತವರು, ನ್ಯೂಯಾರ್ಕಿನ ನೆಲಮಾಳಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದ ಡೆನ್ನಿ ಸೈವೆಲ್.